ಬೆರಳಿಗೆ ಶಾಯಿ ಹಚ್ಚದ ಊರಲ್ಲಿ ನನ್ನ ಮೊದಲ ಓಟು

ಮತಗಟ್ಟೆಯಿಂದ ಹೊರಗೆ ಬಂದ ಕೂಡಲೇ ಅಮ್ಮ ನನ್ನ ಎಡಗೈ ಹಿಡಿದು ತೋರುಬೆರಳು ನೋಡಿದಳು.

"ಎಲ್ಲೇ ಶಾಯಿ?"

"ಇಲ್ಲಿ ಹಚ್ಚಲ್ಲಮ್ಮ."

"ಹಚ್ಚಲ್ವಾ? ಮತ್ತೆ ನೀನು ಆ ಕಡೆ ಇನ್ನೊಂದು ಬೂತಿಗೆ ಹೋಗಿ ಮತ್ತೆ ಹಾಕಿದ್ರೆ?"

ಅಮ್ಮ ತಿಪಟೂರು ಕಡೆಯ ನಿವೃತ್ತ ಪ್ರೈಮರಿ ಶಾಲೆ ಟೀಚರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಎಷ್ಟು ಎಲೆಕ್ಷನ್ ಡ್ಯೂಟಿ ಮಾಡಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ಹಿಂದಿನ ದಿನ ಮಸ್ಟರಿಂಗ್, ಬಸ್ಸಿನಲ್ಲಿ ಯಾವುದೋ ಹಳ್ಳಿ, ಶಾಲೆಯ ಬೆಂಚಿನ ಮೇಲೆ ನಿದ್ದೆ, ಬೆಳಗ್ಗೆ ಏಜೆಂಟರ ಮುಂದೆ ಅಣಕು ಮತದಾನ, ರಾತ್ರಿ ಡಿಮಸ್ಟರಿಂಗ್ ಮುಗಿಸಿ ಮನೆಗೆ ಬರುವಾಗ ನಡುರಾತ್ರಿ. ಅಂಥವಳಿಗೆ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಆ ಶಾಯಿ ಇಲ್ಲದೆ ಚುನಾವಣೆ ನಡೆಯುತ್ತೆ ಅಂದರೆ ನಂಬಿಕೆ ಬರುವುದು ಹೇಗೆ?

ಅವತ್ತು 2025ರ ಮೇ 3, ಶನಿವಾರ. ಆಸ್ಟ್ರೇಲಿಯಾದ ಸಂಸತ್ತಿಗೆ ಚುನಾವಣೆ. ನಮ್ಮ ಕ್ಷೇತ್ರ ಪ್ಯಾರಮಾಟಾ. ಸಿಡ್ನಿಯ ಪಶ್ಚಿಮಕ್ಕಿದೆ. ಅಮ್ಮ ಮೂರು ತಿಂಗಳ ವೀಸಾದಲ್ಲಿ ಬಂದಿದ್ದಳು. ನನಗೆ ಅದು ಇಲ್ಲಿನ ಸಂಸತ್ ಚುನಾವಣೆಯ ಮೊದಲ ಓಟು.

ನಾವಿರುವುದು ಹ್ಯಾರಿಸ್ ಪಾರ್ಕಿನಲ್ಲಿ, ಸ್ಟೇಷನ್ನಿಂದ ಐದು ನಿಮಿಷದ ದಾರಿ. ರೈಲಿಳಿದು ವಿಗ್ರಾಂ ಸ್ಟ್ರೀಟಿಗೆ ಬಂದರೆ ನಿಮಗೆ ಆಸ್ಟ್ರೇಲಿಯಾ ಎಲ್ಲಿ ಹೋಯಿತು ಅಂತ ಅನುಮಾನ ಬರುತ್ತೆ. ಹಳೇ ಕಾಲದ ಸಣ್ಣ ಸಣ್ಣ ಮನೆಗಳೇ ಹೋಟೆಲುಗಳಾಗಿವೆ. ಒಂದು ಕಡೆ ಚಾಟ್, ಒಂದು ಕಡೆ ದೋಸೆ, ನಡುವೆ ಸೀರೆ ಅಂಗಡಿ, ದಿನಸಿ ಅಂಗಡಿಯ ಬಾಗಿಲಲ್ಲೇ ಕರಿಬೇವು. ಇಲ್ಲಿ ವಾಸವಿರುವವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಭಾರತದಲ್ಲಿ ಹುಟ್ಟಿದವರು. ನಮಗಿಂತ ಮುಂಚೆ ಇದು ಲೆಬನಾನಿನಿಂದ ಬಂದವರ ಬಡಾವಣೆ. ಅವರ ದೊಡ್ಡ ಚರ್ಚು ಇವತ್ತಿಗೂ ಇಲ್ಲೇ ಇದೆ. 2023ರ ಮೇ ತಿಂಗಳಲ್ಲಿ ಸಿಡ್ನಿಯಲ್ಲಿ ನಡೆದ ದೊಡ್ಡ ಸಭೆಯಲ್ಲಿ ನರೇಂದ್ರ ಮೋದಿ ಮತ್ತು ಇಲ್ಲಿನ ಪ್ರಧಾನಿ ಆಂಟನಿ ಆಲ್ಬನೀಸಿ ಈ ಜಾಗವನ್ನು 'ಲಿಟಲ್ ಇಂಡಿಯಾ' ಅಂತ ಕರೆದರು. ಆ ವಾರ ನಮ್ಮ ಊರ ವಾಟ್ಸಾಪ್ ಗ್ರೂಪಿನಲ್ಲೆಲ್ಲಾ ನಮ್ಮ ಬೀದಿಯದೇ ಫೋಟೋ.

ಹಾಗಾಗಿ ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರೂ ನಮ್ಮ ಬೀದಿಗೆ ಬರುತ್ತಾರೆ. ಹೋಳಿಗೆ ಬಣ್ಣ, ದೀಪಾವಳಿಗೆ ದೀಪ, ಗುಡಿಗೆ ಬಂದಾಗ ಹಣೆಗೆ ಕುಂಕುಮ, ಕೊರಳಿಗೆ ಶಾಲು. ಸಮೋಸ ಕೈಯಲ್ಲಿ ಹಿಡಿದು ಫೋಟೋ. ಇದನ್ನೆಲ್ಲ ನೋಡಿ ಅಮ್ಮ, "ನಮ್ಮೂರೇ ವಾಸಿ ಕಣೇ, ಅಲ್ಲಿ ಎಲೆಕ್ಷನ್ ಟೈಮಲ್ಲಿ ಮಾತ್ರ ಕಾಲಿಗೆ ಬೀಳ್ತಾರೆ, ಇಲ್ಲಿ ಹಬ್ಬಹಬ್ಬಕ್ಕೂ ಬೀಳಬೇಕು" ಅಂದಳು.

ಮತಗಟ್ಟೆ ಇದ್ದಿದ್ದು ಹತ್ತಿರದ ಒಂದು ಶಾಲೆಯಲ್ಲಿ. ಬೇಲಿಯ ತುಂಬ ಅಭ್ಯರ್ಥಿಗಳ ಮುಖ ಇರುವ ಪ್ಲಾಸ್ಟಿಕ್ ಬೋರ್ಡುಗಳು. ಗೇಟಿನ ಹತ್ತಿರ ಬಣ್ಣಬಣ್ಣದ ಟೀ ಶರ್ಟು ಹಾಕಿದ ಕಾರ್ಯಕರ್ತರು ಚೀಟಿ ಹಂಚುತ್ತಿದ್ದರು. ಯಾರಿಗೆ ಯಾವ ನಂಬರು ಕೊಡಬೇಕು ಅಂತ ಪಕ್ಷದವರೇ ಅಚ್ಚು ಹಾಕಿಸಿದ ಚೀಟಿ ಅದು. ಮತಗಟ್ಟೆಯ ಬಾಗಿಲಿಗೆ ಆರು ಮೀಟರ್ ದೂರದವರೆಗೂ ನಿಂತು ಅವರು ಪ್ರಚಾರ ಮಾಡಬಹುದು. ಬೂತಿನಿಂದ ನೂರು ಮೀಟರ್ ಆಚೆ ಸುಣ್ಣದ ಗೆರೆ ಎಳೆಸಿ ಅಭ್ಯಾಸವಿದ್ದ ಅಮ್ಮನಿಗೆ ಇದು ಸರಿ ಕಾಣಲಿಲ್ಲ. ಆದರೆ ಎದುರು ಬದುರು ಪಕ್ಷದ ಇಬ್ಬರು ಹೆಂಗಸರು ಒಂದೇ ಫ್ಲಾಸ್ಕಿನಿಂದ ಟೀ ಹಂಚಿಕೊಂಡು ಕುಡಿಯೋದು ನೋಡಿ ಸುಮ್ಮನಾದಳು.

ಇನ್ನೊಂದು ಪಕ್ಕ ಸಾಸೇಜ್ ಸುಡುವ ಒಲೆ. ಶಾಲೆಯ ಪೋಷಕರು ದುಡ್ಡು ಕೂಡಿಸೋಕೆ ಹಾಕುವ ಅಂಗಡಿ. ಒಂದು ಬ್ರೆಡ್ ಪೀಸು, ಅದರಲ್ಲಿ ಒಂದು ಸಾಸೇಜ್, ಮೇಲೆ ಹುರಿದ ಈರುಳ್ಳಿ. ಇದಕ್ಕೆ 'ಡೆಮಾಕ್ರಸಿ ಸಾಸೇಜ್' ಅಂತಲೇ ಹೆಸರು. 2016ರಲ್ಲಿ ಇಲ್ಲಿನ ನಿಘಂಟು ಕೇಂದ್ರ ಇದನ್ನೇ ವರ್ಷದ ಪದ ಅಂತ ಆರಿಸಿತ್ತು. ಅಮ್ಮ ಮಾಂಸ ಮುಟ್ಟುವುದಿಲ್ಲ. ಅಂಗಡಿಯವರು ಬರೀ ಬ್ರೆಡ್ಡಿಗೆ ಈರುಳ್ಳಿ ಹಾಕಿ ಕೊಟ್ಟರು. ಅದನ್ನು ತಿನ್ನುತ್ತಾ ಅವಳು ಹೊರಗಿನ ಬೆಂಚಿನಲ್ಲಿ ಕೂತಳು, ನಾನು ಸಾಲಿನಲ್ಲಿ ನಿಂತೆ.

ಒಳಗೆ ಮೇಜಿನ ಹಿಂದೆ ಕೂತಿದ್ದವರು ನನ್ನ ಹತ್ತಿರ ಯಾವ ಗುರುತಿನ ಚೀಟಿಯನ್ನೂ ಕೇಳಲಿಲ್ಲ. ಪೂರ್ತಿ ಹೆಸರೇನು, ವಿಳಾಸ ಏನು, ಈ ಚುನಾವಣೆಯಲ್ಲಿ ಈಗಾಗಲೇ ಓಟು ಹಾಕಿದ್ದೀರಾ ಅಂತ ಮೂರೇ ಪ್ರಶ್ನೆ. ಪಟ್ಟಿಯಲ್ಲಿ ನನ್ನ ಹೆಸರಿಗೆ ಗೆರೆ ಎಳೆದು ಎರಡು ಕಾಗದ ಕೊಟ್ಟರು. ಹಸಿರು ಕಾಗದ ನಮ್ಮ ಲೋಕಸಭೆಯಂಥ ಕೆಳಮನೆಗೆ, ಟವೆಲ್ಲಿನಷ್ಟು ಉದ್ದದ ಬಿಳಿ ಕಾಗದ ಸೆನೆಟ್ಟಿಗೆ. ರಟ್ಟಿನ ಮರೆಯಲ್ಲಿ ದಾರ ಕಟ್ಟಿದ ಪೆನ್ಸಿಲ್ಲು. ಹೌದು, ಪೆನ್ಸಿಲ್ಲು. ಇದನ್ನಿನ್ನೂ ಅಮ್ಮನಿಗೆ ಹೇಳಿರಲಿಲ್ಲ.

ಪೆನ್ಸಿಲ್ಲು ಕೈಗೆತ್ತಿಕೊಂಡಾಗ ಒಂದು ಗಳಿಗೆ ಕೈ ನಿಂತಿತು. ಕಾರಣ ಹೇಳುತ್ತೇನೆ.

ಇಲ್ಲಿನ ಪೌರತ್ವ ತೆಗೆದುಕೊಂಡ ದಿನವೇ ನಮ್ಮ ದೇಶದ ಪೌರತ್ವ ಹೋಗುತ್ತದೆ. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ. ಕೌನ್ಸಿಲ್ಲಿನ ಸಭಾಂಗಣದಲ್ಲಿ ಪ್ರತಿಜ್ಞೆ ಓದಿ, ಪ್ರಮಾಣಪತ್ರ ಹಿಡಿದು ಫೋಟೋ ತೆಗೆಸಿಕೊಂಡೆ. ಆಮೇಲೆ ನೀಲಿ ಪಾಸ್‌ಪೋರ್ಟನ್ನು ಒಪ್ಪಿಸಬೇಕಾಯಿತು. ಒಸಿಐ ಕಾರ್ಡು ಇದೆ, ವೀಸಾ ಇಲ್ಲದೆ ಊರಿಗೆ ಹೋಗಬಹುದು, ಆದರೆ ತಿಪಟೂರಿನ ಮತದಾರರ ಪಟ್ಟಿಯಲ್ಲಿ ನಾನಿಲ್ಲ. 2024ರ ಏಪ್ರಿಲ್ 26ಕ್ಕೆ ತುಮಕೂರು ಕ್ಷೇತ್ರದಲ್ಲಿ ಲೋಕಸಭೆಗೆ ಮತದಾನ ಆದಾಗ ಅಮ್ಮ ಶಾಯಿ ಬೆರಳಿನ ಸೆಲ್ಫಿ ಕಳಿಸಿದ್ದಳು. ಕೆಳಗೆ ಏನೂ ಬರೆದಿರಲಿಲ್ಲ. ನಾನೂ ಒಂದು ಥಂಬ್ಸ್ ಅಪ್ ಒತ್ತಿ ಸುಮ್ಮನಾಗಿದ್ದೆ.

ನನ್ನ ಗಂಡ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾರೆ. ಇಲ್ಲಿ ಪರ್ಮನೆಂಟ್ ರೆಸಿಡೆಂಟ್. ಟ್ಯಾಕ್ಸ್ ಕಟ್ಟುತ್ತಾರೆ, ಓಟಿಲ್ಲ. ಊರಿನಲ್ಲಿ ಅನಿವಾಸಿ ಮತದಾರ ಅಂತ ಹೆಸರು ಸೇರಿಸಬಹುದು, ಆದರೆ ಖುದ್ದಾಗಿ ಹೋಗಿ ಬೂತಿನಲ್ಲಿ ನಿಲ್ಲಬೇಕು. ಹಾಗಾಗಿ ಅವತ್ತು ನಮ್ಮ ಮನೆಯಲ್ಲಿ ಮೂರು ಜನ. ಒಬ್ಬಳಿಗೆ ಇಲ್ಲಿ ಓಟು, ಒಬ್ಬಳಿಗೆ ಅಲ್ಲಿ ಓಟು, ಒಬ್ಬರಿಗೆ ವಿಮಾನದ ಟಿಕೆಟ್ಟಿನಷ್ಟು ದೂರದಲ್ಲಿ ಓಟು. ಹ್ಯಾರಿಸ್ ಪಾರ್ಕಿನ ಎಷ್ಟೋ ಮನೆಗಳ ಲೆಕ್ಕ ಹೀಗೇ ಇದೆ. ರಸ್ತೆ ತುಂಬ ಜನ, ಪಟ್ಟಿಯಲ್ಲಿ ಮಾತ್ರ ಕಮ್ಮಿ.

ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ತಪ್ಪಿಸಿಕೊಳ್ಳೋ ಹಾಗಿಲ್ಲ. ಓಟು ಇಲ್ಲಿ ಕಡ್ಡಾಯ. ಸರಿಯಾದ ಕಾರಣ ಇಲ್ಲದೆ ಹಾಕದಿದ್ದರೆ 20 ಡಾಲರ್ ದಂಡ. 1922ರ ಚುನಾವಣೆಯಲ್ಲಿ ನೂರಕ್ಕೆ 60 ಜನವೂ ಓಟು ಹಾಕಿರಲಿಲ್ಲ. 1924ರಲ್ಲಿ ಕಾನೂನು ತಂದರು, 1925ರ ಚುನಾವಣೆಯಲ್ಲಿ ಅದು 91 ದಾಟಿತು. ಈಗಲೂ 90ರ ಆಸುಪಾಸಿನಲ್ಲೇ ಇದೆ. ಬಂದ ಜನಕ್ಕೆ ಅನುಕೂಲ ಮಾಡಿಕೊಡೋದೂ ಸರ್ಕಾರದ ತಲೆನೋವು. ಅದಕ್ಕೇ ಶನಿವಾರ, ಅದಕ್ಕೇ ವಾರಗಟ್ಟಲೆ ಮುಂಚೆಯೇ ಓಟು ಹಾಕುವ ಕೇಂದ್ರಗಳು, ಅಂಚೆ ಓಟು.

ಇನ್ನು ಓಟು ಹಾಕುವ ಕ್ರಮ. ಇದನ್ನು ಅಮ್ಮನಿಗೆ ಅರ್ಥ ಮಾಡಿಸೋಕೆ ನಾನು ತಿಂಡಿಯ ಉದಾಹರಣೆ ಕೊಟ್ಟಿದ್ದೆ. ಹೋಟೆಲಿಗೆ ಹೋಗಿ "ಮಸಾಲೆ ದೋಸೆ ಇದ್ದರೆ ಅದು, ಇಲ್ಲಾಂದ್ರೆ ಸೆಟ್ ದೋಸೆ, ಅದೂ ಇಲ್ಲಾಂದ್ರೆ ಇಡ್ಲಿ, ಏನೂ ಇಲ್ಲಾಂದ್ರೆ ಉಪ್ಪಿಟ್ಟು" ಅಂತ ಹೇಳಿದ ಹಾಗೆ. ಹಸಿರು ಕಾಗದದಲ್ಲಿ ಎಷ್ಟು ಅಭ್ಯರ್ಥಿಗಳಿದ್ದಾರೋ ಅಷ್ಟೂ ಜನಕ್ಕೆ 1, 2, 3 ಅಂತ ನಂಬರು ಹಾಕಲೇಬೇಕು. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಸಿಗದಿದ್ದರೆ ಕೊನೆಯಲ್ಲಿರುವವರನ್ನು ತೆಗೆದು, ಅವರಿಗೆ 1 ಕೊಟ್ಟವರ ಕಾಗದದಲ್ಲಿ 2 ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ಒಬ್ಬರು ಅರ್ಧ ದಾಟುವವರೆಗೆ ಹೀಗೇ.

ಇದರಿಂದ ಏನಾಗುತ್ತೆ ಗೊತ್ತಾ? ನಿಮಗೆ ಯಾರು ಇಷ್ಟ ಅಂತ ಯೋಚಿಸಿದರೆ ಸಾಲದು, ಯಾರನ್ನು ಎಷ್ಟು ಕಷ್ಟಪಟ್ಟು ಸಹಿಸಿಕೊಳ್ಳುತ್ತೀರಿ ಅಂತಲೂ ಯೋಚಿಸಬೇಕು. ಈ ಸಲ ನಮ್ಮಂಥವರಿಗೆ ಯೋಚಿಸೋಕೆ ವಿಷಯ ಬೇಕಾದಷ್ಟಿತ್ತು. ಒಂದು ಕಡೆಯವರು ವಿದ್ಯಾರ್ಥಿಗಳ ಸಾಲದಲ್ಲಿ ನೂರಕ್ಕೆ 20 ಮನ್ನಾ ಅಂದರು. ಇನ್ನೊಂದು ಕಡೆಯವರು ಪೆಟ್ರೋಲ್ ತೆರಿಗೆ ಅರ್ಧಕ್ಕೆ ಇಳಿಸುತ್ತೇವೆ ಅಂದರು, ವಲಸೆಯನ್ನು ನೂರಕ್ಕೆ 25 ಕಡಿಮೆ ಮಾಡುತ್ತೇವೆ ಅಂತಲೂ ಅಂದರು. ಸರ್ಕಾರಿ ನೌಕರರ ವರ್ಕ್ ಫ್ರಂ ಹೋಂ ನಿಲ್ಲಿಸುತ್ತೇವೆ ಅಂದವರು ಪ್ರಚಾರದ ನಡುವೆಯೇ ಮಾತು ವಾಪಸ್ ತೆಗೆದುಕೊಂಡರು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುವ ನನಗೆ, ಬಾಡಿಗೆ ಏರುವುದನ್ನೇ ನೋಡುತ್ತಿರುವ ನನಗೆ, ತಂಗಿಯನ್ನು ಇಲ್ಲಿ ಓದಿಸಬೇಕು ಅಂತಿರುವ ನನಗೆ, ಒಂದೊಂದಕ್ಕೂ ಒಂದೊಂದು ನಂಬರು ಹೊಂದಿಸುವುದು ಸುಲಭವಾಗಿರಲಿಲ್ಲ. ಯಾರಿಗೆ ಹಾಕಿದೆ ಅಂತ ಹೇಳಲ್ಲ. ಅಮ್ಮನಿಗೂ ಹೇಳಿಲ್ಲ. ಅವಳು ಕೇಳಲೂ ಇಲ್ಲ. ಎಷ್ಟಾದರೂ ಪೋಲಿಂಗ್ ಆಫೀಸರ್ ಆಗಿದ್ದವಳು.

ನಮ್ಮ ಕ್ಷೇತ್ರಕ್ಕೆ ಇನ್ನೊಂದು ಹಳೇ ಮುನಿಸಿದೆ. 2022ರಲ್ಲಿ ಇಲ್ಲಿನ ಲೇಬರ್ ಸಂಸದೆ ಜೂಲಿ ಓವೆನ್ಸ್ ನಿವೃತ್ತರಾದರು. ಭಾರತೀಯ ಮೂಲದವರೂ ಸೇರಿ ಸ್ಥಳೀಯರು ಟಿಕೆಟ್ಟಿಗೆ ಕಾದಿದ್ದರು. ಪಕ್ಷ ಟಿಕೆಟ್ ಕೊಟ್ಟಿದ್ದು ಸಿಡ್ನಿಯ ಪೂರ್ವದ ಶ್ರೀಮಂತರ ಬಡಾವಣೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಆಂಡ್ರ್ಯೂ ಚಾರ್ಲ್‌ಟನ್‌ಗೆ. ಊರಿನ ಭಾಷೆಯಲ್ಲಿ ಹೇಳುವುದಾದರೆ 'ಹೊರಗಿನವರು'. ಇಲ್ಲಿ ಅಂಥವರನ್ನು ಪ್ಯಾರಾಚೂಟಿನಲ್ಲಿ ಇಳಿದವರು ಅಂತಾರೆ. ಅವರು ಗೆದ್ದರು. ಗೆದ್ದ ಮೇಲೆ ಭಾರತ–ಆಸ್ಟ್ರೇಲಿಯಾ ಸಂಬಂಧದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು, ನಮ್ಮ ಹಬ್ಬಗಳಿಗೂ ಬಂದರು.

ಅದೇ ವರ್ಷ, ಅದೇ ಪಕ್ಷ, ನಮ್ಮಿಂದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡದ ಕ್ಯಾಬ್ರಮಾಟಾ ಇರುವ ಫೌಲರ್ ಕ್ಷೇತ್ರದಲ್ಲಿ ಇದೇ ಕೆಲಸ ಮಾಡಿತು. ವಿಯೆಟ್ನಾಮಿ ಮೂಲದ ಸ್ಥಳೀಯ ವಕೀಲೆಯೊಬ್ಬರನ್ನು ಪಕ್ಕಕ್ಕಿಟ್ಟು, ರಾಜ್ಯದ ಮುಖ್ಯಮಂತ್ರಿಯಾಗಿದ್ದ ಕ್ರಿಸ್ಟೀನಾ ಕೀನಿಲಿಯವರನ್ನು ನಿಲ್ಲಿಸಿತು. ಲೇಬರ್ ಕಂಬ ನಿಲ್ಲಿಸಿದರೂ ಗೆಲ್ಲುತ್ತೆ ಅನ್ನುವಂಥ ಕ್ಷೇತ್ರ ಅದು. ಮೊದಲ ಎಣಿಕೆಯಲ್ಲಿ ಕೀನಿಲಿಯೇ ಮುಂದಿದ್ದರು. ಆದರೆ 2, 3 ಅಂತ ಬರೆದ ನಂಬರುಗಳು ಸೇರುತ್ತಾ ಹೋದಂತೆ, ವಿಯೆಟ್ನಾಮಿನಿಂದ ನಿರಾಶ್ರಿತಳಾಗಿ ಬಂದಿದ್ದ ಪಕ್ಷೇತರ ಅಭ್ಯರ್ಥಿ ಡಾಯ್ ಲೀ ಗೆದ್ದುಬಿಟ್ಟರು. 2025ರಲ್ಲಿ ಮತ್ತೆ ಗೆದ್ದರು. ಅಲ್ಲಿಯವರು ಸಿಟ್ಟನ್ನು ನಂಬರಿಗೆ ಇಳಿಸಿದರು. ನಾವು ವಿಗ್ರಾಂ ಸ್ಟ್ರೀಟಿನಲ್ಲಿ ಟೀ ಕುಡಿಯುತ್ತಾ ಮಾತಿನಲ್ಲೇ ಮುಗಿಸಿದೆವು. ಚಾರ್ಲ್‌ಟನ್ ಒಳ್ಳೆಯವರೋ ಅಲ್ಲವೋ ಅನ್ನುವುದು ಬೇರೆ ಮಾತು. ನಮ್ಮನ್ನು ಕೇಳದೆ ಇದ್ದರೂ ನಡೆಯುತ್ತೆ ಅಂತ ಪಕ್ಷಗಳಿಗೆ ಅನಿಸದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿತ್ತಲ್ಲ.

ಹೊರಗಿನವರು ಈ ಕ್ಷೇತ್ರಕ್ಕೆ ಹೊಸಬರೇನಲ್ಲ ಬಿಡಿ. 1901ರಲ್ಲಿ ಆಸ್ಟ್ರೇಲಿಯಾ ಒಂದು ದೇಶವಾದಾಗ ಇದ್ದ ಮೊದಲ ಕ್ಷೇತ್ರಗಳಲ್ಲಿ ಪ್ಯಾರಮಾಟಾ ಒಂದು. ಇಲ್ಲಿನ ಮೊದಲ ಸಂಸದ ಜೋಸೆಫ್ ಕುಕ್, ಇಂಗ್ಲೆಂಡಿನಲ್ಲಿ ಹುಡುಗನಾಗಿದ್ದಾಗಲೇ ಕಲ್ಲಿದ್ದಲು ಗಣಿಗೆ ಇಳಿದು, ಆಮೇಲೆ ಹೊಟ್ಟೆಪಾಡಿಗೆ ಹಡಗು ಹತ್ತಿ ಬಂದವರು. 1913ರಲ್ಲಿ ಪ್ರಧಾನಿಯೂ ಆದರು. ವಲಸೆ ಬಂದವನೊಬ್ಬ ಪ್ರಧಾನಿಯಾದ ಕ್ಷೇತ್ರ ಅಂತ ಹೇಳಿಕೊಳ್ಳಬಹುದು.

ಆದರೆ ಯಾವ ವಲಸಿಗ? ಅದೇ ಕಾಲದಲ್ಲಿ, 1902ರಲ್ಲಿ, ಬಿಳಿಯ ಹೆಂಗಸರಿಗೆ ಓಟು ಕೊಟ್ಟ ಕಾನೂನೇ ಈ ನೆಲದ ಆದಿವಾಸಿಗಳಿಗೂ ಏಷ್ಯಾದವರಿಗೂ ಓಟಿಲ್ಲ ಅಂದಿತ್ತು. ಆಗಲೇ ರಾಜ್ಯದ ಪಟ್ಟಿಯಲ್ಲಿ ಹೆಸರಿದ್ದ ಕೆಲವರಿಗಷ್ಟೇ ವಿನಾಯಿತಿ. 1922ರಲ್ಲಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಭಾರತದಿಂದ ಇಲ್ಲಿಗೆ ಬಂದು, ಇಲ್ಲಿರುವ ಭಾರತೀಯರಿಗೆ ಹಕ್ಕು ಕೊಡಿ ಅಂತ ಕೇಳಿದರು. 1925ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದವರಿಗೆ ಓಟು ಸಿಕ್ಕಿತು. ಪ್ಯಾರಮಾಟಾ ಅನ್ನುವ ಹೆಸರು ಕೊಟ್ಟ, ನದಿಯಲ್ಲಿ ಹಾವುಮೀನು ಹಿಡಿಯುತ್ತಿದ್ದ ಆದಿವಾಸಿ ಜನ ಇನ್ನೂ ಕಾಯಬೇಕಾಯಿತು. ದೇಶದ ಎಲ್ಲ ಆದಿವಾಸಿಗಳಿಗೂ ಸಂಸತ್ ಚುನಾವಣೆಯ ಹಕ್ಕು ಬಂದಿದ್ದು 1962ರಲ್ಲಿ. ದೇಶದ ಜನಸಂಖ್ಯೆ ಲೆಕ್ಕ ಹಾಕುವಾಗ ಅವರನ್ನು ಎಣಿಸಬಾರದು ಅಂತ ಸಂವಿಧಾನದಲ್ಲಿದ್ದ ಸಾಲನ್ನು ತೆಗೆದಿದ್ದು 1967ರ ಜನಮತದಲ್ಲಿ.

ಲೆಕ್ಕ ಹಾಕಿ ನೋಡಿ. ನಾನು ಪೆನ್ಸಿಲ್ಲು ಹಿಡಿದು ನಿಂತ 2025ಕ್ಕೆ, ಭಾರತದಲ್ಲಿ ಹುಟ್ಟಿದವರಿಗೆ ಇಲ್ಲಿ ಓಟು ಸಿಕ್ಕಿ ಸರಿಯಾಗಿ ನೂರು ವರ್ಷ. ಈ ವಿಷಯ ಅವತ್ತು ನನಗೆ ಗೊತ್ತಿರಲಿಲ್ಲ, ಆಮೇಲೆ ಓದಿದ್ದು. ಗೊತ್ತಿದ್ದಿದ್ದರೆ ಇನ್ನೊಂಚೂರು ಅಂದವಾಗಿ ನಂಬರು ಬರೆಯುತ್ತಿದ್ದೆನೇನೋ.

ಓಟು ಹಾಕಿ ಮನೆಗೆ ಬಂದ ಮೇಲೆ ಮೇಲಿನ ಮನೆಯ ಗುಜರಾತಿ ಆಂಟಿ ಟೀಗೆ ಬಂದರು. ಅರವತ್ತು ದಾಟಿದ್ದಾರೆ, ಮಗನ ಜೊತೆ ಇದ್ದಾರೆ, ನನಗಿಂತ ಮುಂಚೆಯೇ ಪೌರತ್ವ ಪಡೆದವರು. ಅಮ್ಮನ ಹರಕು ಹಿಂದಿ, ಅವರ ಹರಕು ಇಂಗ್ಲಿಷಿನಲ್ಲಿ ಇಬ್ಬರಿಗೂ ಭಾರೀ ಸ್ನೇಹ. ಬಂದವರೇ ಹೆಮ್ಮೆಯಿಂದ ಹೇಳಿದರು: "ಗೇಟಿನಲ್ಲಿ ಯಾರ ಚೀಟಿಯನ್ನೂ ತಗೊಂಡಿಲ್ಲ. ನನ್ನ ತಲೆ, ನನ್ನ ಓಟು. ನನಗೆ ಬೇಕಾದವರ ಮುಂದೆ 1 ಅಂತ ಹಾಕಿ ಬಂದೆ."

"ಬಾಕಿಯವರಿಗೆ?" ಅಂದೆ ನಾನು.

"ಬಾಕಿಯವರು ನನಗೆ ಬೇಡ. ಅವರಿಗೆ ಯಾಕೆ ಹಾಕಲಿ?"

ನನಗೆ ಏನು ಹೇಳಬೇಕು ತೋಚಲಿಲ್ಲ. ನಮ್ಮ ನ್ಯೂ ಸೌತ್ ವೇಲ್ಸ್ ರಾಜ್ಯದ ಚುನಾವಣೆಯಲ್ಲಿ ಬರೀ 1 ಹಾಕಿದರೂ ನಡೆಯುತ್ತೆ. 2023ರಲ್ಲಿ ಆಂಟಿ ಹಾಗೇ ಹಾಕಿದ್ದರು, ನಾನೂ ಹಾಗೇ ಹಾಕಿದ್ದೆ. ಸಂಸತ್ತಿನ ಚುನಾವಣೆಯಲ್ಲಿ ಹಾಗಲ್ಲ, ಎಲ್ಲ ಚೌಕಕ್ಕೂ ನಂಬರು ಬೇಕು. ಕಾಗದದ ಮೇಲೆಯೇ ಬರೆದಿರುತ್ತೆ, ಇಂಗ್ಲಿಷಿನಲ್ಲಿ. ಕಾಗದ ಕೊಡುವವರೂ ಹೇಳುತ್ತಾರೆ, ಅವಸರದಲ್ಲಿ. ದೇಶದಲ್ಲೇ ಅತಿ ಹೆಚ್ಚು ಅಸಿಂಧು ಓಟುಗಳು ಬೀಳುವುದು ನಮ್ಮ ಪಶ್ಚಿಮ ಸಿಡ್ನಿಯ ಕ್ಷೇತ್ರಗಳಲ್ಲಿ. ಎಂಥ ಕ್ಷೇತ್ರಗಳು? ಮನೆಯಲ್ಲಿ ಇಂಗ್ಲಿಷ್ ಮಾತಾಡದವರು ಹೆಚ್ಚಿರುವ ಕ್ಷೇತ್ರಗಳು. ಬರಲೇಬೇಕು ಅಂತ ಕಾನೂನಿದೆ, ಅವರು ಬರುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ, ಹೆಸರಿಗೆ ಗೆರೆ ಬೀಳುತ್ತೆ, ದಂಡ ತಪ್ಪುತ್ತೆ. ಕಾಗದ ಮಾತ್ರ ಎಣಿಕೆಗೆ ಬರೋದಿಲ್ಲ. ಹಾಗಾಯಿತು ಅಂತ ಅವರಿಗೆ ಯಾರೂ ತಿಳಿಸೋದೂ ಇಲ್ಲ, ಗುಪ್ತ ಮತದಾನದಲ್ಲಿ ತಿಳಿಸೋಕೂ ಆಗಲ್ಲ.

ನಾನು ಮೆಲ್ಲಗೆ ಬಿಡಿಸಿ ಹೇಳಿದೆ. ಆಂಟಿಯ ಮುಖ ಸಣ್ಣಗಾಯಿತು. "ಅಂದರೆ ನಾನು ಹೋಗಿದ್ದು..." ಅಂತ ನಿಲ್ಲಿಸಿದರು.

ಅಮ್ಮನಿಗೆ ಎಲ್ಲ ಅರ್ಥವಾಗಿತ್ತು. ಕನ್ನಡದಲ್ಲಿ ನನ್ನ ಕಡೆ ತಿರುಗಿ, "ಕುಲಗೆಟ್ಟ ಓಟು" ಅಂದಳು. ಅಸಿಂಧು ಮತಕ್ಕೆ ನಮ್ಮ ಕಡೆಯ ಹೆಸರು ಅದು. "ಪಂಚಾಯ್ತಿ ಎಲೆಕ್ಷನ್ ಎಣಿಕೆಗೆ ಕೂತಾಗ ನೋಡ್ತಿದ್ದೆ. ಎರಡು ಗುರುತಿನ ಮಧ್ಯೆ ಸೀಲು ಒತ್ತಿರೋರು, ಕಾಗದದ ಹಿಂದೆ ಒತ್ತಿರೋರು. ಪಾಪ, ಕೂಲಿ ಬಿಟ್ಟು ಬಂದಿರೋರು ಕಣೇ. ಪಕ್ಕಕ್ಕೆ ತೆಗೆದು ಇಡುವಾಗ ಕೈ ಬರ್ತಿರಲಿಲ್ಲ."

ಆ ರಾತ್ರಿ ಟಿವಿಯಲ್ಲಿ ಫಲಿತಾಂಶ ಬಂತು. ಇಲ್ಲಿ ಕೈಯಲ್ಲೇ ಎಣಿಸುತ್ತಾರೆ, ಆದರೂ ಮಲಗುವ ಹೊತ್ತಿಗೆ ಯಾರು ಸರ್ಕಾರ ಅಂತ ಗೊತ್ತಾಗಿಬಿಡುತ್ತೆ. 150 ಸೀಟಿನಲ್ಲಿ ಲೇಬರ್ ಪಕ್ಷದ ಲೆಕ್ಕ ಕೊನೆಗೆ 94ಕ್ಕೆ ಬಂದು ನಿಂತಿತು. ವಿರೋಧ ಪಕ್ಷದ ನಾಯಕ ಪೀಟರ್ ಡಟನ್ ಸ್ವಂತ ಕ್ಷೇತ್ರದಲ್ಲೇ ಸೋತರು. ಪ್ಯಾರಮಾಟಾದಲ್ಲಿ ಚಾರ್ಲ್‌ಟನ್ ಮತ್ತೆ ಗೆದ್ದರು, ಅಂತರವೂ ದೊಡ್ಡದೇ. ಆಂಟಿಯ ಒಂದು ಓಟು ಸೇರಿದ್ದರೂ ಬಿಟ್ಟಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಆದರೆ ಆ ಮಾತನ್ನು ಅವರ ಮುಂದೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಒಂದು ಓಟಿನಿಂದ ಏನೂ ಆಗಲ್ಲ ಅನ್ನೋದಾದರೆ ನಾನು ಊರಿನ ಓಟು ಬಿಟ್ಟುಕೊಟ್ಟಿದ್ದಕ್ಕೆ ಅಷ್ಟು ಸಂಕಟ ಯಾಕೆ ಪಡಬೇಕಿತ್ತು?

ನಿಮ್ಮಲ್ಲಿ ಯಾರಾದರೂ ಇಲ್ಲಿಗೆ ಬಂದು ನೆಲೆಸುವವರಿದ್ದರೆ, ಅಪ್ಪ ಅಮ್ಮನಿಗೂ ಪೌರತ್ವ ಕೊಡಿಸಿದ್ದರೆ, ಒಂದೇ ಮಾತು. ಓಟಿನ ದಿನ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದರೆ ಸಾಲದು. ಹಿಂದಿನ ದಿನ ಅಡುಗೆಮನೆಯಲ್ಲಿ ಕೂತು ಒಂದು ಕಾಗದದ ಮೇಲೆ ಅಭ್ಯಾಸ ಮಾಡಿಸಿ. ಸಮೋಸ ಹಿಡಿದು ಬರುವವರು ಇದನ್ನು ಮಾಡಿಸಲ್ಲ.

ಮಾರನೇ ದಿನ ಭಾನುವಾರ ಆಂಟಿ ಮತ್ತೆ ಬಂದರು. ಅಮ್ಮ ದಿನಸಿ ಚೀಟಿಯ ಹಿಂಭಾಗದಲ್ಲಿ ಸ್ಕೇಲಿಟ್ಟು ಆರು ಚೌಕ ಬರೆದು, ಪಕ್ಕದಲ್ಲಿ ಆರು ತಿಂಡಿಯ ಚಿತ್ರ ಬಿಡಿಸಿದ್ದಳು. ಒಂದನೇ ಕ್ಲಾಸಿನ ಟೀಚರ್ ಅಲ್ಲವೇ. ಕೈಗೆ ಪೆನ್ಸಿಲ್ಲು ಕೊಟ್ಟಳು. ಆಂಟಿ ಢೋಕ್ಲಾಕ್ಕೆ 1 ಹಾಕಿದರು, ಯೋಚಿಸಿ ಯೋಚಿಸಿ ದೋಸೆಗೆ 2, ಹೀಗೆ ಬರುತ್ತಾ ಕೊನೆಗೆ ಉಪ್ಪಿಟ್ಟಿನ ಹತ್ತಿರ ಬಂದು ಪೆನ್ಸಿಲ್ಲು ನಿಲ್ಲಿಸಿದರು.

"ಇದು ನನಗೆ ಬೇಡವೇ ಬೇಡ."

"ಬೇಡದಿದ್ರೂ ನಂಬರ್ ದೇನಾ ಹೈ," ಅಂದಳು ಅಮ್ಮ, "ಲಾಸ್ಟ್ ನಂಬರ್."

ಆಂಟಿ ಮುಖ ಸಿಂಡರಿಸಿಕೊಂಡು 6 ಬರೆದರು. ಅಮ್ಮ ಕನ್ನಡಕ ಏರಿಸಿ, ಕಾಗದವನ್ನು ಬೆಳಕಿಗೆ ಹಿಡಿದು, ಒಂದೊಂದೇ ಚೌಕ ನೋಡಿದಳು. ಆಮೇಲೆ ಎಣಿಕೆ ಮೇಜಿನ ಮುಂದೆ ಹೇಳುವ ಅದೇ ಗಟ್ಟಿ ದನಿಯಲ್ಲಿ ಹೇಳಿದಳು:

"ಸಿಂಧು."